ಉಷ್ಣ ಪಂಪುಳ್ಳ ಮನೆಗೆ ವಿದ್ಯುಚ್ಛಕ್ತಿಯ ದರವನ್ನು ಆರಿಸಿಕೊಳ್ಳುವ ಕ್ರಮ

(ಬರೆದವರು: ವ್ಯವಸಾಯದ ಇನ್‌ಸ್ಪೆಕ್ಟರೊಬ್ಬರು, ಎಲ್. ಎಜಿ.)

ಬಾವಿಗೆ ಪಂಪನ್ನು ಕೊಳ್ಳುವುದಕ್ಕೆ ಮುಂಚೆ, ನೀರು ಎಷ್ಟು ಆಳದಲ್ಲಿದೆ, ಬೇಸಗೆಯಲ್ಲಿ ಊಟೆ ಎಷ್ಟು, ತೋಟಕ್ಕೆ ಯಾವ ಹೊತ್ತಿನಲ್ಲಿ ಎಷ್ಟು ನೀರು ಬೇಕು ಎಂಬುದನ್ನು ವಿಚಾರಿಸದೆ, ಯಂತ್ರದ ಬೆಲೆಯೊಂದನ್ನೇ ನೋಡಿ ಕೊಂಡು ಆಮೇಲೆ ಪಶ್ಚಾತ್ತಾಪಪಟ್ಟವರು ಪ್ರತಿ ಗ್ರಾಮದಲ್ಲಿಯೂ ಇರುತ್ತಾರೆ. ವಿದ್ಯುಚ್ಛಕ್ತಿಯ ದರದ ವಿಷಯದಲ್ಲಿಯೂ ಇದೇ ನ್ಯಾಯವು ಸಲ್ಲುತ್ತದೆ. ದರದ ಪಟ್ಟಿಯಲ್ಲಿ ಅತ್ಯಂತ ಕಡಿಮೆಯಾಗಿ ಕಾಣುವ ಅಂಕಿಯು ಮನೆಯ ಖರ್ಚನ್ನು ಕಡಿಮೆಮಾಡಿಯೇ ತೀರುವುದೆಂಬ ನಿಯಮವಿಲ್ಲ. ಆ ಅಂಕಿಯು ಯಾವ ಹೊತ್ತಿಗೆ ಸಲ್ಲುತ್ತದೆ, ಆ ಹೊತ್ತಿನಲ್ಲಿ ನಮ್ಮ ಯಂತ್ರವು ಎಷ್ಟು ಕೆಲಸಮಾಡುತ್ತದೆ ಎಂಬುದರ ಮೇಲೆ ಲಾಭನಷ್ಟಗಳು ನಿಂತಿವೆ. ಈ ಮಾತನ್ನು ಒಂದು ಮನೆಯ ಲೆಕ್ಕದಿಂದ ತೋರಿಸಿಕೊಡುವುದೇ ಈ ಲೇಖನದ ಉದ್ದೇಶವು.

ಈ ಪ್ರಸ್ತಾಪಕ್ಕೆ ಕಾರಣವಾದ ಸಂಗತಿಯನ್ನು ಮೊದಲು ಹೇಳುವೆನು. ಚಳಿಗಾಲದಲ್ಲಿ ಮಲೆನಾಡಿನ ಕಡೆ ಸರ್ಕೀಟಿನಲ್ಲಿದ್ದಾಗ, ಅಡಕೆ ತೋಟದ ಜಮೀನುದಾರರೊಬ್ಬರ ಮನೆಗೆ ಹೋಗಿದ್ದೆನು. ಅವರ ಮಗಳೂ ಅಳಿಯಂದಿರೂ ಇಂಗ್ಲೆಂಡಿನ ಉತ್ತರ ಭಾಗದ ಒಂದು ಸಣ್ಣ ಊರಿನಲ್ಲಿ ಸಂಸಾರ ಹೂಡಿರುತ್ತಾರೆ. ಮಗಳ ಬಾಣಂತನಕ್ಕಾಗಿ ಗೌಡರ ಮನೆಯವರು ಅಲ್ಲಿಗೆ ಹೋಗಿದ್ದರು. ಆ ಮನೆಯನ್ನು ಬೆಚ್ಚಗಿಡುವುದು ಸೌದೆಯೂ ಅಲ್ಲ, ಅನಿಲವೂ ಅಲ್ಲ. ಉಷ್ಣ ಪಂಪು ಎಂಬ ವಿದ್ಯುದ್ಯಂತ್ರ. ಜನವರಿ ತಿಂಗಳ ಬಿಲ್ಲನ್ನು ನೋಡಿ ಬೆದರಿದ ಅಳಿಯಂದಿರು, ರಾತ್ರಿಯಲ್ಲಿ ಬಹಳ ಅಗ್ಗವಾದ ದರವೊಂದನ್ನು ಪಡೆಯಬೇಕೆಂದು ಯೋಚಿಸಿ, ಮೂರು ದರಗಳ ಪಟ್ಟಿಯನ್ನು ಮಾವನವರಿಗೆ ಕಳುಹಿಸಿದ್ದರು. ಅದುವರೆಗೆ ಖರ್ಚಿನ ಹೆದರಿಕೆಯಿಂದ ರಾತ್ರಿ ಯಂತ್ರವನ್ನು ನಿಲ್ಲಿಸಿ, ಬೆಳಗ್ಗೆಯೂ ಸಂಜೆಯೂ ಜೋರಾಗಿ ನಡೆಸುತ್ತಿದ್ದರಂತೆ. “ಎಳೆಗೂಸಿರುವ ಮನೆ, ಬೆಳಗಿನ ಜಾವ ಗೋಡೆ ಮುಟ್ಟಿದರೆ ಕೈ ಕೊರೆಯುತ್ತದೆ ಎಂದು ನಮ್ಮ ಮನೆಯಾಕೆ ಹೇಳುತ್ತಾಳೆ. ಪಂಪಿನ ವಿಷಯ ತಮಗೆ ತಿಳಿದದ್ದು ಸ್ವಾಮೀ, ಇದನ್ನು ನೋಡಿ ಹೇಳಬೇಕು” ಎಂದು ಗೌಡರು ಪಟ್ಟಿಯನ್ನು ನನ್ನ ಮುಂದಿಟ್ಟರು.

ಪರದೇಶದ ಮನೆಯೊಂದರ ಲೆಕ್ಕವು ನಮ್ಮ ಪತ್ರಿಕೆಗೇಕೆ ಎಂದು ಕೆಲವರು ಕೇಳಬಹುದು. ಉಷ್ಣ ಪಂಪಿನಿಂದ ನೀರು ಕಾಯಿಸುವ ಯಂತ್ರಗಳು ನಮ್ಮ ದೇಶದ ಹೋಟೆಲುಗಳಲ್ಲಿಯೂ ವಿದ್ಯಾರ್ಥಿನಿಲಯಗಳಲ್ಲಿಯೂ ಬಳಕೆಗೆ ಬಂದಿವೆ. ಹೊತ್ತಿಗೆ ತಕ್ಕಂತೆ ಬದಲಾಗುವ ದರವೂ ನಮ್ಮ ದೇಶದ ನಿಯಮಗಳಲ್ಲಿ ಸೇರಿದೆ. ಬ್ರಿಟನ್ನಿನಲ್ಲಿ ಇಂಥ ದರಗಳು ಬಹುಕಾಲದಿಂದ ಇರುವುದರಿಂದ, ಅಲ್ಲಿಯ ಲೆಕ್ಕವನ್ನು ಈಗಲೇ ತಿಳಿದುಕೊಂಡರೆ ಮುಂದೆ ನಮಗೂ ಉಪಯೋಗವಾಗುವುದು.

೧. ಉಷ್ಣ ಪಂಪು ಎಂದರೇನು

ನೀರಿನ ಪಂಪು ನೀರನ್ನು ಹುಟ್ಟಿಸುವುದಿಲ್ಲ; ಕೆಳಗಿರುವ ನೀರನ್ನು ಮೇಲಕ್ಕೆತ್ತುತ್ತದೆ. ಅದೇ ಪ್ರಕಾರ ಉಷ್ಣ ಪಂಪು ಶಾಖವನ್ನು ಹುಟ್ಟಿಸುವುದರ ಬದಲು, ಹೊರಗಿನ ಗಾಳಿಯಲ್ಲಿಯೋ ನೆಲದಲ್ಲಿಯೋ ಇರುವ ಶಾಖವನ್ನು ಎತ್ತಿ ಮನೆಯೊಳಕ್ಕೆ ತರುತ್ತದೆ. ನಮಗೆ ತಣ್ಣಗೆ ಕಾಣುವ ಗಾಳಿಯಲ್ಲಿಯೂ ಶಾಖವಿರುತ್ತದೆ. ಬಹು ಕಡಿಮೆ ಉಷ್ಣತೆಯಲ್ಲಿ ಕುದಿಯುವ ಒಂದು ದ್ರವವು ಯಂತ್ರದ ಹೊರಗಿನ ಕೊಳವೆಗಳಲ್ಲಿ ಆ ಶಾಖವನ್ನು ಹೀರಿ ಆವಿಯಾಗುತ್ತದೆ. ಕಂಪ್ರೆಸರ್ ಎಂಬ ಭಾಗವು ಆ ಆವಿಯನ್ನು ಒತ್ತಿದಾಗ ಅದು ಬಹಳ ಬಿಸಿಯಾಗುತ್ತದೆ. ಆ ಬಿಸಿಯನ್ನು ಮನೆಯ ಕೊಳವೆಗಳ ನೀರಿಗೆ ಕೊಟ್ಟು ಪುನಃ ದ್ರವವಾಗಿ ಹಿಂದಿರುಗುತ್ತದೆ. ಮನೆಯಲ್ಲಿರುವ ಫ್ರಿಜ್ಜಿನ ಹಿಂಭಾಗವನ್ನು ಮುಟ್ಟಿ ನೋಡಿದವರಿಗೆ ಈ ಕ್ರಮವು ಸುಲಭವಾಗಿ ತಿಳಿಯುತ್ತದೆ. ಫ್ರಿಜ್ಜು ತನ್ನೊಳಗಿನ ಶಾಖವನ್ನು ಹೊರಕ್ಕೆ ಹಾಕುತ್ತದೆ. ಉಷ್ಣ ಪಂಪು ಹೊರಗಿನ ಶಾಖವನ್ನು ಒಳಕ್ಕೆ ತರುತ್ತದೆ.

ಇದು ಹೊಸ ಕಲ್ಪನೆಯೇನೂ ಅಲ್ಲ. ಮುಂದೆ ಲಾರ್ಡ್ ಕೆಲ್ವಿನ್ ಎಂದು ಪ್ರಸಿದ್ಧರಾದ ವಿಲಿಯಂ ಥಾಮ್ಸನ್ ಎಂಬ ಪಂಡಿತರು ೧೮೫೨ರಲ್ಲಿಯೇ ಇದರ ತತ್ತ್ವವನ್ನು ವಿವರಿಸಿದರು. ೧೯೩೮ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಪಟ್ಟಣದ ಸಭಾಭವನವನ್ನು ಲಿಮ್ಮಾಟ್ ನದಿಯ ನೀರಿನಿಂದ ಎತ್ತಿದ ಶಾಖದಿಂದ ಬೆಚ್ಚಗೆ ಮಾಡಿದರು. ೧೯೪೫ರಲ್ಲಿ ಜಾನ್ ಸಮ್ನರ್ ಎಂಬ ಎಂಜಿನಿಯರು ಇಂಗ್ಲೆಂಡಿನ ನಾರ್ವಿಚ್ ಪಟ್ಟಣದಲ್ಲಿ ವೆನ್ಸಮ್ ನದಿಯಿಂದ ಹಾಗೆಯೇ ಮಾಡಿ ತೋರಿಸಿದರು.

೨. ಕಾರ್ಯಗುಣಕ

ಒಂದು ಯೂನಿಟ್ ವಿದ್ಯುಚ್ಛಕ್ತಿಯನ್ನು ಕೊಟ್ಟರೆ ಯಂತ್ರವು ಎಷ್ಟು ಯೂನಿಟ್ ಶಾಖವನ್ನು ಒಳಕ್ಕೆ ತರುತ್ತದೆಯೋ ಆ ಸಂಖ್ಯೆಗೆ ಕಾರ್ಯಗುಣಕವೆಂದು ಹೆಸರಿಡೋಣ. ನೀರು ಕಾಯಿಸುವ ಸಾಧಾರಣ ಕಾಯಿಲಿನಲ್ಲಿ ಒಂದಕ್ಕೆ ಒಂದೇ ಬರುತ್ತದೆ. ಒಳ್ಳೆಯ ಉಷ್ಣ ಪಂಪಿನಲ್ಲಿ ಒಂದಕ್ಕೆ ಮೂರರಷ್ಟು ಬರಬಹುದು. ಬ್ರಿಟನ್ನಿನಲ್ಲಿ ಸರ್ಕಾರದ ಹಣದಿಂದ ೭೪೨ ಮನೆಗಳಲ್ಲಿ ಈ ಯಂತ್ರಗಳನ್ನು ಹಾಕಿಸಿ ಪರೀಕ್ಷಿಸಿದಾಗ, ವರ್ಷಪೂರ್ತಿಯ ಮಧ್ಯಮ ಗುಣಕವು ಮೂರಕ್ಕೆ ಸ್ವಲ್ಪ ಕಡಿಮೆಯಾಗಿ ಕಂಡುಬಂದಿತು.

ಈ ಗುಣಕವು ಎಲ್ಲ ಹೊತ್ತಿನಲ್ಲಿಯೂ ಒಂದೇ ಆಗಿರುವುದಿಲ್ಲ. ಬಾವಿಯ ನೀರು ಕೆಳಕ್ಕಿಳಿದಷ್ಟೂ ಪಂಪಿಗೆ ಶ್ರಮವು ಹೆಚ್ಚಾಗುವಂತೆ, ಹೊರಗಿನ ಗಾಳಿಗೂ ಮನೆಯ ಕೊಳವೆಗಳ ನೀರಿಗೂ ನಡುವೆ ಇರುವ ಉಷ್ಣತೆಯ ಅಂತರವು ಹೆಚ್ಚಿದಷ್ಟೂ ಗುಣಕವು ಇಳಿಯುತ್ತದೆ. ಹೊರಗೆ ೫ ಡಿಗ್ರಿ ಇರುವಾಗ ಕೊಳವೆಯ ನೀರನ್ನು ೩೫ ಡಿಗ್ರಿಗೆ ತಂದರೆ ಸಾಕಾದಲ್ಲಿ, ಶಾಸ್ತ್ರರೀತ್ಯಾ ಗುಣಕದ ಪರಮಾವಧಿಯು ೧೦ಕ್ಕಿಂತ ಸ್ವಲ್ಪ ಹೆಚ್ಚು. ಅದೇ ನೀರನ್ನು ೫೫ ಡಿಗ್ರಿಗೆ ತರಬೇಕಾದರೆ ಪರಮಾವಧಿಯು ಸುಮಾರು ೬½ ಮಾತ್ರ. ನಿಜವಾದ ಯಂತ್ರಗಳು ಇದರ ಅರ್ಧದಷ್ಟನ್ನೋ ಅದಕ್ಕಿಂತ ಕಡಿಮೆಯನ್ನೋ ಕೊಡುತ್ತವೆ. ಆದರೂ ಕೊಳವೆಯ ನೀರನ್ನು ಅವಶ್ಯಕ್ಕಿಂತ ಹೆಚ್ಚು ಬಿಸಿಮಾಡುವವನು ದುಡ್ಡನ್ನು ಕಳೆದುಕೊಳ್ಳುತ್ತಾನೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಗೌಡರ ಅಳಿಯಂದಿರು ರಾತ್ರಿಯೆಲ್ಲಾ ಯಂತ್ರವನ್ನು ನಿಲ್ಲಿಸಿ, ಬೆಳಗ್ಗೆ ತಣ್ಣಗಾದ ಮನೆಯನ್ನು ಬೇಗ ಬೆಚ್ಚಗೆ ಮಾಡುವುದಕ್ಕಾಗಿ ನೀರನ್ನು ೫೦ ಡಿಗ್ರಿಗೆ ಏರಿಸುತ್ತಿದ್ದರು. ಅನಿಲದ ಒಲೆಗೆ ಒಪ್ಪುವ ಈ ಅಭ್ಯಾಸವು ಉಷ್ಣ ಪಂಪಿಗೆ ಒಪ್ಪುವುದಿಲ್ಲ. ಎತ್ತನ್ನು ದಿನವೆಲ್ಲಾ ಹದವಾಗಿ ನಡೆಸುವುದಕ್ಕೂ, ಕಟ್ಟಿಹಾಕಿ ಕೊನೆಗೆ ಓಡಿಸುವುದಕ್ಕೂ ಇರುವ ಭೇದವೇ ಇಲ್ಲಿಯೂ ಇದೆ.

೩. ದರಗಳ ಬಗೆಗಳು

ಬ್ರಿಟನ್ನಿನಲ್ಲಿ ಒಂದೇ ತಂತಿಯಿಂದ ಬರುವ ಶಕ್ತಿಯನ್ನು ಅನೇಕ ಕಂಪೆನಿಗಳು ಮಾರುತ್ತವೆ. ಗೃಹಸ್ಥನು ತನಗೆ ಬೇಕಾದ ಕಂಪೆನಿಯನ್ನೂ ದರವನ್ನೂ ಆರಿಸಿಕೊಳ್ಳಬಹುದು. ದರಗಳು ಮುಖ್ಯವಾಗಿ ನಾಲ್ಕು ಬಗೆಯವು.

(ಅ) ಏಕದರ. ಹಗಲು ರಾತ್ರಿಗಳೆಂಬ ಭೇದವಿಲ್ಲದೆ ಪ್ರತಿ ಯೂನಿಟ್ಟಿಗೂ ಒಂದೇ ಬೆಲೆ. ಕಂಪೆನಿಯವರು ತಾವಾಗಿ ಗೊತ್ತುಮಾಡುವ ಇಂಥ ದರಗಳಿಗೆ ಆಫ್‌ಜೆಮ್ ಎಂಬ ಸರ್ಕಾರೀ ನಿಯಂತ್ರಣ ಸಂಸ್ಥೆಯು ೨೦೧೯ರ ಜನವರಿಯಿಂದ ಮೇಲ್ಮಿತಿಯನ್ನು ಹಾಕಿದೆ. ೨೦೨೨ರ ಅಕ್ಟೋಬರಿನಿಂದ ಆ ಮಿತಿಯನ್ನು ಮೂರು ತಿಂಗಳಿಗೊಮ್ಮೆ ಬದಲಿಸುತ್ತಾರೆ.

(ಆ) ದ್ವಿದರ. ರಾತ್ರಿ ಏಳು ಗಂಟೆಗಳ ಕಾಲ ಅಗ್ಗ, ಉಳಿದ ಹೊತ್ತು ಏಕದರಕ್ಕಿಂತ ತುಟ್ಟಿ. ಇವುಗಳಲ್ಲಿ ಪ್ರಸಿದ್ಧವಾದ ಎಕಾನಮಿ ಸೆವೆನ್ ಎಂಬುದು ೧೯೭೮ರಲ್ಲಿ ಪ್ರಾರಂಭವಾಯಿತು. ರಾತ್ರಿಯಲ್ಲಿ ಇಟ್ಟಿಗೆಗಳನ್ನು ಕಾಯಿಸಿಟ್ಟು ಹಗಲಿನಲ್ಲಿ ಆ ಬಿಸಿಯನ್ನು ಬಿಡುವ ಸಂಗ್ರಹ ಹೀಟರುಗಳಿಗೆ ಇದು ಬಹಳ ಅನುಕೂಲವಾದ ದರ. ಉಷ್ಣ ಪಂಪಿನಲ್ಲಿ ಅಂಥ ಇಟ್ಟಿಗೆಯ ಉಗ್ರಾಣವಿರುವುದಿಲ್ಲ ಎಂಬುದನ್ನು ಮರೆಯಬಾರದು.

(ಇ) ತ್ರಿದರ. ಉಷ್ಣ ಪಂಪಿನ ಮನೆಗಳಿಗೆಂದೇ ಕೆಲವು ಕಂಪೆನಿಗಳು ಏರ್ಪಡಿಸಿರುವ ದರ. ಬೆಳಗಿನ ಜಾವದಲ್ಲಿಯೂ ಮಧ್ಯಾಹ್ನದ ಮೇಲೆಯೂ ಕೆಲವು ಗಂಟೆ ಅಗ್ಗ. ಸಂಜೆ ೪ರಿಂದ ೭ರ ವರೆಗೆ ಬಹಳ ತುಟ್ಟಿ. ಉಳಿದ ಹೊತ್ತು ಸಾಧಾರಣ. ಚಳಿಗಾಲದ ಸಂಜೆ ಎಲ್ಲರೂ ಮನೆಗೆ ಬಂದು ದೀಪ, ಒಲೆ, ಹೀಟರುಗಳನ್ನು ಹಚ್ಚುವುದರಿಂದ ಆ ಮೂರು ಗಂಟೆಗಳಲ್ಲಿ ಶಕ್ತಿಗೆ ಹೆಚ್ಚು ಗಿರಾಕಿಯಿರುತ್ತದೆ.

(ಈ) ಅರ್ಧಗಂಟೆಯ ದರ. ದಿನದ ೪೮ ಅರ್ಧಗಂಟೆಗಳಿಗೂ ಸಗಟು ಪೇಟೆಯನ್ನನುಸರಿಸಿ ಬೇರೆ ಬೇರೆ ಬೆಲೆ. ಗಾಳಿ ಬಲವಾಗಿ ಬೀಸಿದ ದಿನ ಇದು ಬಹಳ ಇಳಿಯುತ್ತದೆ. ಗಾಳಿಯಿಲ್ಲದ ಚಳಿಯ ಸಂಜೆ ಬಹಳ ಏರುತ್ತದೆ. ದಿನದಿನವೂ ಪೇಟೆಯನ್ನು ನೋಡಿ ನಡೆಯಬಲ್ಲವನಿಗೆ ಮಾತ್ರ ಇದು ಯೋಗ್ಯ. ಬಾಣಂತಿ ಮತ್ತು ಕೂಸು ಇರುವ ಮನೆಗೆ ಇದನ್ನು ನಾನು ಹೇಳಲಾರೆನು.

ಕಡೆಯ ಎರಡು ದರಗಳಿಗೆ ಅರ್ಧಗಂಟೆಗೊಮ್ಮೆ ಬಳಕೆಯನ್ನು ಬರೆದಿಡುವ ಸ್ಮಾರ್ಟ್ ಮೀಟರ್ ಅವಶ್ಯ.

೪. ಹೊತ್ತಿನ ಲೆಕ್ಕ

ಯಾವ ದರವು ಮೇಲೆಂದು ನಿರ್ಣಯಿಸುವುದಕ್ಕೆ ಮೊದಲು ಮೀಟರಿನ ಲೆಕ್ಕದಿಂದ ಮನೆಯ ಬಳಕೆಯನ್ನು ಹೊತ್ತುಹೊತ್ತಿಗೆ ವಿಂಗಡಿಸಬೇಕು. ಅಳಿಯಂದಿರನ್ನು ಕೇಳಿ ತರಿಸಿದ ಜನವರಿಯ ಒಂದು ದಿನದ ಲೆಕ್ಕವನ್ನು ಪೂರ್ಣಾಂಕಗಳಿಗೆ ತಿರುಗಿಸಿ ಕೆಳಗೆ ಕೊಟ್ಟಿದೆ. ಒಟ್ಟು ೩೬ ಯೂನಿಟ್ಟುಗಳಲ್ಲಿ ಮನೆಯನ್ನು ಬೆಚ್ಚಗಿಡುವುದಕ್ಕೆ ೨೫, ಸ್ನಾನದ ನೀರಿಗೆ ೩, ದೀಪ, ಅಡಿಗೆ, ಬಟ್ಟೆ ಒಗೆಯುವುದು ಮೊದಲಾದುವಕ್ಕೆ ೮.

ರಾತ್ರಿ ೧೨ರಿಂದ ೪ರ ವರೆಗೆ: ೨ ಯೂನಿಟ್
ಬೆಳಗಿನ ಜಾವ ೪ರಿಂದ ೭ರ ವರೆಗೆ: ೪ ಯೂನಿಟ್
ಬೆಳಗ್ಗೆ ೭ರಿಂದ ಮಧ್ಯಾಹ್ನ ೧ರ ವರೆಗೆ: ೧೧ ಯೂನಿಟ್
ಮಧ್ಯಾಹ್ನ ೧ರಿಂದ ೪ರ ವರೆಗೆ: ೩ ಯೂನಿಟ್
ಸಂಜೆ ೪ರಿಂದ ೭ರ ವರೆಗೆ: ೯ ಯೂನಿಟ್
ರಾತ್ರಿ ೭ರಿಂದ ೧೨ರ ವರೆಗೆ: ೭ ಯೂನಿಟ್

ದರಗಳನ್ನು ಸಹ ಲೆಕ್ಕದ ಅನುಕೂಲಕ್ಕಾಗಿ ಪೂರ್ಣಾಂಕ ಮಾಡಿದೆ. ಇವು ಊರಿನಿಂದ ಊರಿಗೂ ಕಾಲಕಾಲಕ್ಕೂ ಬದಲಾಗುವುದರಿಂದ ಉದಾಹರಣೆಯೆಂದು ಮಾತ್ರ ತಿಳಿಯತಕ್ಕದ್ದು. ಏಕದರವು ಯೂನಿಟ್ಟಿಗೆ ೨೫ ಪೆನ್ಸ್. ದ್ವಿದರದಲ್ಲಿ ರಾತ್ರಿ ೧೨ರಿಂದ ಬೆಳಗ್ಗೆ ೭ರ ವರೆಗೆ ೧೪, ಉಳಿದ ಹೊತ್ತು ೩೦. ತ್ರಿದರದಲ್ಲಿ ಬೆಳಗಿನ ಜಾವ ೪ರಿಂದ ೭ ಮತ್ತು ಮಧ್ಯಾಹ್ನ ೧ರಿಂದ ೪ರ ವರೆಗೆ ೧೪, ಸಂಜೆ ೪ರಿಂದ ೭ರ ವರೆಗೆ ೩೯, ಉಳಿದ ಹೊತ್ತು ೨೬. ದಿನಕ್ಕಿಷ್ಟೆಂದು ತೆರಬೇಕಾದ ನಿಶ್ಚಿತ ಶುಲ್ಕವು ಮೂರಕ್ಕೂ ಒಂದೇ ಎಂದಿಟ್ಟುಕೊಂಡು ಅದನ್ನು ಬಿಟ್ಟಿದೆ.

ಏಕದರದಲ್ಲಿ: ೩೬ × ೨೫ = ೯೦೦ ಪೆನ್ಸ್.
ದ್ವಿದರದಲ್ಲಿ: ೬ × ೧೪ = ೮೪; ೩೦ × ೩೦ = ೯೦೦; ಒಟ್ಟು ೯೮೪ ಪೆನ್ಸ್.
ತ್ರಿದರದಲ್ಲಿ: ೭ × ೧೪ = ೯೮; ೯ × ೩೯ = ೩೫೧; ೨೦ × ೨೬ = ೫೨೦; ಒಟ್ಟು ೯೬೯ ಪೆನ್ಸ್.

ಇದನ್ನು ನೋಡಿ ಗೌಡರು ಆಶ್ಚರ್ಯಪಟ್ಟರು. ಅಗ್ಗವೆಂದು ಹೆಸರಾದ ಎರಡು ದರಗಳೂ ಆ ಮನೆಗೆ ತುಟ್ಟಿಯಾದುವು. ಅಳಿಯಂದಿರು ತಮ್ಮ ಅಭ್ಯಾಸವನ್ನು ಬದಲಿಸದೆ ದ್ವಿದರವನ್ನು ಪಡೆದಿದ್ದರೆ, ದಿನಕ್ಕೆ ೮೪ ಪೆನ್ಸ್‌ನಂತೆ ತಿಂಗಳಿಗೆ ೨೫ ಪೌಂಡಿಗೂ ಮೇಲ್ಪಟ್ಟು ಹೆಚ್ಚಾಗಿ ತೆರಬೇಕಾಗುತ್ತಿತ್ತು. ಕೂಸು ಮಾತ್ರ ಮೊದಲಿನಂತೆಯೇ ಚಳಿಯಲ್ಲಿ ಇರುತ್ತಿತ್ತು.

೫. ಅಭ್ಯಾಸವನ್ನು ಬದಲಿಸಿದರೆ

ಈಗ ಯಂತ್ರವನ್ನು ನಡೆಸುವ ಕ್ರಮವನ್ನು ತಿದ್ದೋಣ. ರಾತ್ರಿಯಲ್ಲಿ ನಿಲ್ಲಿಸದೆ ನಿಧಾನವಾಗಿ ನಡೆಸುವುದು. ಕೊಳವೆಯ ನೀರನ್ನು ೫೦ ಡಿಗ್ರಿಯಿಂದ ೪೦ರ ಸಮೀಪಕ್ಕೆ ಇಳಿಸುವುದು. ಅಗ್ಗದ ಹೊತ್ತುಗಳಲ್ಲಿ ಮನೆಯನ್ನು ಬೇಕಾದುದಕ್ಕಿಂತ ಒಂದು ಡಿಗ್ರಿಯಷ್ಟು ಹೆಚ್ಚಾಗಿ ಬೆಚ್ಚಗೆ ಮಾಡುವುದು. ತುಟ್ಟಿಯ ಮೂರು ಗಂಟೆಗಳಲ್ಲಿ ಯಂತ್ರವನ್ನು ತಗ್ಗಿಸುವುದು. ಸ್ನಾನದ ನೀರನ್ನೂ ಬಟ್ಟೆ ಒಗೆಯುವುದನ್ನೂ ಮಧ್ಯಾಹ್ನ ೧ರ ಮೇಲೆ ಇಟ್ಟುಕೊಳ್ಳುವುದು. ಮನೆಯ ಗೋಡೆ, ನೆಲ, ಸಾಮಾನುಗಳೇ ಇಲ್ಲಿ ಉಗ್ರಾಣದಂತೆ ಬಿಸಿಯನ್ನು ಹಿಡಿದಿಟ್ಟು ಸಂಜೆಯ ಹೊತ್ತಿಗೆ ಬಿಡುತ್ತವೆ. ಗೋಡೆಗಳಲ್ಲಿಯೂ ಅಟ್ಟದಲ್ಲಿಯೂ ಬಿಸಿಯನ್ನು ತಡೆಯುವ ಹೊದಿಕೆಯಿರುವ ಮನೆಯಲ್ಲಿ ಮಾತ್ರ ಇದು ನಡೆಯುತ್ತದೆ. ತೂತುಬಿದ್ದ ತೊಟ್ಟಿಯಲ್ಲಿ ನೀರು ನಿಲ್ಲುವುದಿಲ್ಲವಷ್ಟೆ.

ರಾತ್ರಿಯೂ ಮನೆಯು ಬೆಚ್ಚಗಿರುವುದರಿಂದ ಹೊರಕ್ಕೆ ಸೋರುವ ಶಾಖವು ಸ್ವಲ್ಪ ಹೆಚ್ಚಾಗುತ್ತದೆ. ಕೊಳವೆಯ ನೀರು ತಗ್ಗಿದುದರಿಂದ ಗುಣಕವು ಮೇಲಾಗುತ್ತದೆ. ಒಂದಕ್ಕೊಂದು ಸರಿಹೋಗಿ ಒಟ್ಟು ಬಳಕೆಯು ೩೬ ಯೂನಿಟ್ಟೇ ಎಂದಿಟ್ಟುಕೊಳ್ಳೋಣ. ಮೇಲೆ ಹೇಳಿದ ಆರು ಹೊತ್ತುಗಳಲ್ಲಿ ಅದು ಕ್ರಮವಾಗಿ ೫, ೯, ೭, ೮, ೩, ೪ ಯೂನಿಟ್ಟುಗಳಾಗಿ ಹಂಚಿಹೋಗುತ್ತದೆ.

ಏಕದರದಲ್ಲಿ: ಮೊದಲಿನಂತೆ ೯೦೦ ಪೆನ್ಸ್.
ದ್ವಿದರದಲ್ಲಿ: ೧೪ × ೧೪ = ೧೯೬; ೨೨ × ೩೦ = ೬೬೦; ಒಟ್ಟು ೮೫೬ ಪೆನ್ಸ್.
ತ್ರಿದರದಲ್ಲಿ: ೧೭ × ೧೪ = ೨೩೮; ೩ × ೩೯ = ೧೧೭; ೧೬ × ೨೬ = ೪೧೬; ಒಟ್ಟು ೭೭೧ ಪೆನ್ಸ್.

ಈಗ ತ್ರಿದರವು ಏಕದರಕ್ಕಿಂತ ದಿನಕ್ಕೆ ೧೨೯ ಪೆನ್ಸ್, ಅಂದರೆ ಮೂವತ್ತು ದಿನಕ್ಕೆ ೩೮ ಪೌಂಡ್ ೭೦ ಪೆನ್ಸ್ ಕಡಿಮೆಯಾಯಿತು. ಅದೇ ಯಂತ್ರ, ಅದೇ ಮನೆ, ಅಷ್ಟೇ ಯೂನಿಟ್. ಹೊತ್ತನ್ನು ಬದಲಿಸಿದುದರಿಂದಲೇ ಕಡೆಯ ದರವು ಮೊದಲನೆಯದಾಯಿತು. ಇದಕ್ಕಿಂತ ಮುಖ್ಯವಾದುದು, ಬೆಳಗಿನ ಜಾವದಲ್ಲಿ ಗೋಡೆಯು ಕೊರೆಯುವುದು ನಿಂತು, ಕೂಸು ಮಲಗಿರುವ ಹೊತ್ತಿನಲ್ಲಿಯೇ ಮನೆಯು ಬೆಚ್ಚಗಿರುತ್ತದೆ.

ಬೇಸಗೆಯ ಲೆಕ್ಕವನ್ನೂ ನೋಡಬೇಕು. ಜುಲೈ ತಿಂಗಳಲ್ಲಿ ಮನೆಯನ್ನು ಕಾಯಿಸುವ ಕೆಲಸವಿಲ್ಲದೆ ದಿನಕ್ಕೆ ೧೨ ಯೂನಿಟ್ ಖರ್ಚಾಗುವುದೆಂದೂ, ಅದು ಆರು ಹೊತ್ತುಗಳಲ್ಲಿ ೧, ೧, ೩, ೩, ೨, ೨ ಎಂದು ಹಂಚಿಹೋಗುವುದೆಂದೂ ಇಟ್ಟುಕೊಂಡರೆ, ಏಕದರದಲ್ಲಿ ೩೦೦, ದ್ವಿದರದಲ್ಲಿ ೩೨೮, ತ್ರಿದರದಲ್ಲಿ ೨೯೦ ಪೆನ್ಸ್ ಆಗುತ್ತದೆ. ಲಾಭವೆಲ್ಲ ಚಳಿಗಾಲದಲ್ಲಿ ಬರತಕ್ಕದ್ದು. ಆದುದರಿಂದ ಒಂದು ತಿಂಗಳ ಬಿಲ್ಲಿನಿಂದ ನಿರ್ಣಯಿಸದೆ, ವರ್ಷದ ಲೆಕ್ಕವನ್ನು ಮುಂದಿಟ್ಟುಕೊಂಡು ನಿರ್ಣಯಿಸತಕ್ಕದ್ದು.

೬. ದರವನ್ನು ಗುಣಕದಿಂದ ಭಾಗಿಸುವುದು

ನಮಗೆ ಬೇಕಾದುದು ಶಾಖ. ವಿದ್ಯುಚ್ಛಕ್ತಿಯು ಅದಕ್ಕೆ ಸಾಧನ ಮಾತ್ರ. ಆದುದರಿಂದ ಯೂನಿಟ್ಟಿನ ದರವನ್ನು ಆ ಹೊತ್ತಿನ ಕಾರ್ಯಗುಣಕದಿಂದ ಭಾಗಿಸಿ, ಒಂದು ಯೂನಿಟ್ ಶಾಖಕ್ಕೆ ಏನು ಬಿದ್ದಿತೆಂಬುದನ್ನು ನೋಡಬೇಕು. ಈ ಒಂದು ಭಾಗಾಕಾರವು ಅನೇಕ ತಪ್ಪುಗಳನ್ನು ತಪ್ಪಿಸುತ್ತದೆ.

ಉಷ್ಣ ಪಂಪಿನ ನೀರಿನ ತೊಟ್ಟಿಯೊಳಗೆ ಸಾಮಾನ್ಯವಾಗಿ ಒಂದು ಕಾಯಿಲನ್ನೂ ಇಟ್ಟಿರುತ್ತಾರೆ. ಅಗ್ಗದ ಹೊತ್ತಿನಲ್ಲಿ ಕಾಯಿಲನ್ನು ಹಚ್ಚಿ ನೀರು ಕಾಯಿಸಿದರೆ ಲಾಭವೆಂದು ಹಲವರು ಭಾವಿಸುತ್ತಾರೆ. ಕಾಯಿಲಿನ ಗುಣಕವು ೧. ಆದುದರಿಂದ ೧೪ ಪೆನ್ಸ್‌ನ ಅಗ್ಗದ ಹೊತ್ತಿನಲ್ಲಿಯೂ ಒಂದು ಯೂನಿಟ್ ಶಾಖಕ್ಕೆ ೧೪ ಪೆನ್ಸ್ ಬೀಳುತ್ತದೆ. ಗುಣಕವು ೩ ಇರುವ ಪಂಪನ್ನು ೩೯ ಪೆನ್ಸ್‌ನ ಅತಿ ತುಟ್ಟಿಯ ಹೊತ್ತಿನಲ್ಲಿ ನಡೆಸಿದರೂ ಒಂದು ಯೂನಿಟ್ ಶಾಖಕ್ಕೆ ೧೩ ಪೆನ್ಸ್ ಮಾತ್ರ. ಅಗ್ಗದ ಹೊತ್ತಿನ ಕಾಯಿಲಿಗಿಂತ ತುಟ್ಟಿಯ ಹೊತ್ತಿನ ಪಂಪೇ ಮೇಲು! ತೊಟ್ಟಿಯಲ್ಲಿ ರೋಗಾಣುಗಳು ಬೆಳೆಯದಂತೆ ಆಗಾಗ್ಗೆ ನೀರನ್ನು ೬೦ ಡಿಗ್ರಿಗೆ ಏರಿಸುವುದಕ್ಕೆ ಕಾಯಿಲು ಬೇಕಾಗಬಹುದು. ಆ ಕೆಲಸವನ್ನು ಅಗ್ಗದ ಹೊತ್ತಿಗೆ ಇಟ್ಟುಕೊಂಡು, ಉಳಿದಂತೆ ಅದನ್ನು ಮುಟ್ಟದಿರುವುದು ಒಳ್ಳೆಯದು.

ಇನ್ನೊಂದು ಸಂಗತಿ. ಬ್ರಿಟನ್ನಿನಲ್ಲಿ ರಾತ್ರಿಯ ಶಕ್ತಿಯು ಅಗ್ಗವಾದರೂ ರಾತ್ರಿಯ ಗಾಳಿಯು ತಣ್ಣಗಿರುತ್ತದೆ. ಯಂತ್ರದ ಹೊರಭಾಗದಲ್ಲಿ ಮಂಜು ಹೆಪ್ಪುಗಟ್ಟಿ, ಅದನ್ನು ಕರಗಿಸುವುದಕ್ಕೂ ಶಕ್ತಿಯು ವ್ಯಯವಾಗುತ್ತದೆ. ಹಗಲಿನಲ್ಲಿ ೩ ಇರುವ ಗುಣಕವು ರಾತ್ರಿಯಲ್ಲಿ ೨½ಕ್ಕೆ ಇಳಿಯಿತೆಂದು ಭಾವಿಸೋಣ. ಹಗಲು ೨೬, ರಾತ್ರಿ ೧೪ ಇದ್ದರೆ ಶಾಖದ ಬೆಲೆಯು ಹಗಲು ಸುಮಾರು ೮·೭, ರಾತ್ರಿ ೫·೬ ಪೆನ್ಸ್; ರಾತ್ರಿ ನಡೆಸುವುದು ಲಾಭ. ಆದರೆ ರಾತ್ರಿಯ ದರವು ೨೨ ಆಗಿದ್ದರೆ ಶಾಖಕ್ಕೆ ೮·೮ ಬಿದ್ದು ಲಾಭವೇ ಇಲ್ಲದಂತಾಗುತ್ತದೆ. ದರಗಳ ಅಂತರವು ಸಾಕಷ್ಟು ದೊಡ್ಡದಾಗಿರದಿದ್ದಲ್ಲಿ ಹೊತ್ತನ್ನು ಬದಲಿಸುವ ಶ್ರಮವು ವ್ಯರ್ಥವೆಂದು ತಿಳಿಯಬೇಕು.

೭. ಕರಾರಿಗೆ ಮುಂಚೆ ನೋಡತಕ್ಕ ವಿಷಯಗಳು

ದಿನದ ನಿಶ್ಚಿತ ಶುಲ್ಕವು ದರದಿಂದ ದರಕ್ಕೆ ಬೇರೆಯಾಗಿದೆಯೇ, ಅವಧಿಗೆ ಮುಂಚೆ ಬಿಟ್ಟರೆ ದಂಡವುಂಟೇ, ಕಂಪೆನಿಯವರು ಎಷ್ಟು ದಿನದ ನೋಟೀಸಿನಿಂದ ದರವನ್ನು ಬದಲಿಸಬಹುದು ಎಂಬುದನ್ನು ಓದಿ ತಿಳಿಯಬೇಕು. ಯಂತ್ರಕ್ಕೆ ಅಗ್ಗದ ಕೆಲವೇ ಗಂಟೆಗಳಲ್ಲಿ ದಿನದ ಶಾಖವನ್ನೆಲ್ಲಾ ಕೊಡುವ ಬಲವಿರುವುದಿಲ್ಲ. ಚಳಿಯ ದಿನ ಇಪ್ಪತ್ತನಾಲ್ಕು ಗಂಟೆಯೂ ನಡೆದು ಮನೆಯನ್ನು ಕಾಯುವಷ್ಟಕ್ಕೇ ಅದರ ಅಳತೆಯನ್ನು ಗೊತ್ತುಮಾಡಿರುತ್ತಾರೆ. ಆದುದರಿಂದ ಎಲ್ಲಾ ಬಳಕೆಯನ್ನೂ ಅಗ್ಗದ ಹೊತ್ತಿಗೆ ಸರಿಸುವೆವೆಂಬ ಲೆಕ್ಕವು ಕಾಗದದಲ್ಲಿ ಮಾತ್ರ ನಿಲ್ಲುತ್ತದೆ. ರಾತ್ರಿಯಲ್ಲಿ ವಿದ್ಯುತ್ ಕಾರಿಗೆ ಶಕ್ತಿ ತುಂಬಿಸುವ ಮನೆಯ ಲೆಕ್ಕವೂ ಬೇರೆಯಾಗುತ್ತದೆ. ಅಂಥವರು ಆ ಯೂನಿಟ್ಟುಗಳನ್ನು ಸೇರಿಸಿ ಪುನಃ ಗುಣಿಸಿ ನೋಡಬೇಕು.

ಎಲ್ಲಕ್ಕಿಂತ ಮುಖ್ಯವಾಗಿ, ವೃದ್ಧರು, ರೋಗಿಗಳು, ಎಳೆಮಕ್ಕಳು ಇರುವ ಮನೆಯಲ್ಲಿ ದರಕ್ಕಾಗಿ ಮನೆಯನ್ನು ತಣ್ಣಗೆ ಬಿಡತಕ್ಕದ್ದಲ್ಲ. ಸಂಜೆಯ ಮೂರು ಗಂಟೆ ಯಂತ್ರವನ್ನು ತಗ್ಗಿಸಿದರೆ ಮನೆಯು ತಡೆಯಲಾರದೆಂದು ಕಂಡುಬಂದಲ್ಲಿ ಏಕದರವೇ ಆ ಮನೆಗೆ ಸರಿ. ದಿನಕ್ಕೆ ಒಂದು ಪೌಂಡನ್ನು ಉಳಿಸಿ ವೈದ್ಯರಿಗೆ ಹತ್ತನ್ನು ಕೊಡುವುದು ಉಳಿತಾಯವಲ್ಲ.

೮. ನಮ್ಮ ದೇಶಕ್ಕೆ ಇದರಿಂದ ತಿಳಿಯತಕ್ಕದ್ದು

ನಮ್ಮ ಸೀಮೆಯಲ್ಲಿ ಮನೆಯನ್ನು ಕಾಯಿಸುವ ಅವ್ಯವಹಾರವಿಲ್ಲ. ಉಷ್ಣ ಪಂಪಿನ ಉಪಯೋಗವು ಮುಖ್ಯವಾಗಿ ಸ್ನಾನದ ನೀರಿಗೆ. ೧೦೦ ಲೀಟರ್ ನೀರನ್ನು ೨೨ ಡಿಗ್ರಿಯಿಂದ ೫೦ ಡಿಗ್ರಿಗೆ ಕಾಯಿಸುವುದಕ್ಕೆ ಸುಮಾರು ೩¼ ಯೂನಿಟ್ ಶಾಖ ಬೇಕು. ಸಾಧಾರಣ ಗೀಸರಿನಲ್ಲಿ ಇದು ತಿಂಗಳಿಗೆ ಸುಮಾರು ೯೮ ಯೂನಿಟ್. ಗುಣಕವು ೩½ ಇರುವ ಉಷ್ಣ ಪಂಪಿನಲ್ಲಿ ಸುಮಾರು ೨೮ ಯೂನಿಟ್. ಕರ್ನಾಟಕದಲ್ಲಿ ೨೦೨೩ರ ಆಗಸ್ಟ್ ತಿಂಗಳಿನಿಂದ ನಡೆದುಬಂದ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳಿಗೆ ೨೦೦ ಯೂನಿಟ್ ಎಂಬ ಮಿತಿಯಿರುವುದರಿಂದ, ಆ ಮಿತಿಯ ಅಂಚಿನಲ್ಲಿರುವ ಮನೆಗೆ ಈ ೭೦ ಯೂನಿಟ್ಟಿನ ಅಂತರವು ಬಹಳ ದೊಡ್ಡದು.

ಇನ್ನು ಹೊತ್ತಿನ ದರ. ೨೦೨೩ರ ಜೂನ್ ತಿಂಗಳಲ್ಲಿ ಕೇಂದ್ರ ಸರ್ಕಾರದವರು ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳನ್ನು ತಿದ್ದಿ, ವ್ಯವಸಾಯದ ಗ್ರಾಹಕರನ್ನು ಬಿಟ್ಟು ಉಳಿದವರಿಗೆ, ಸ್ಮಾರ್ಟ್ ಮೀಟರ್ ಹಾಕಿದ ಮೇಲೆ, ಹೊತ್ತಿನ ದರವನ್ನು ಏರ್ಪಡಿಸಬೇಕೆಂದು ವಿಧಿಸಿದರು. ಆ ನಿಯಮದಂತೆ ದಿನದಲ್ಲಿ ಎಂಟು ಗಂಟೆಗಳ ಸೌರ ವೇಳೆಯಲ್ಲಿ ದರವು ಸಾಧಾರಣ ದರಕ್ಕಿಂತ ನೂರಕ್ಕೆ ೨೦ರಷ್ಟಾದರೂ ಕಡಿಮೆಯಿರಬೇಕು. ಹೆಚ್ಚು ಗಿರಾಕಿಯ ವೇಳೆಯಲ್ಲಿ ಗೃಹಸ್ಥರಿಗೆ ನೂರಕ್ಕೆ ೧೦ರಷ್ಟಾದರೂ ಹೆಚ್ಚಿರಬೇಕು. ಯಾವ ಗಂಟೆಗಳೆಂಬುದನ್ನು ಆಯಾ ರಾಜ್ಯದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದವರು ಗೊತ್ತುಮಾಡುತ್ತಾರೆ.

ಇಲ್ಲಿ ನಮಗೆ ಪ್ರಕೃತಿಯೇ ಅನುಕೂಲವಾಗಿದೆ. ಬ್ರಿಟನ್ನಿನಲ್ಲಿ ರಾತ್ರಿಯ ಅಗ್ಗದ ಹೊತ್ತೂ ಬೆಚ್ಚಗಿನ ಹೊತ್ತೂ ಬೇರೆ ಬೇರೆ. ನಮ್ಮಲ್ಲಿ ಬಿಸಿಲೇರಿದ ಹೊತ್ತಿನಲ್ಲಿಯೇ ಗಾಳಿಯು ಬೆಚ್ಚಗಿದ್ದು ಗುಣಕವು ಹೆಚ್ಚಾಗಿರುತ್ತದೆ. ಸೌರ ವೇಳೆಯ ದರವು ಜಾರಿಗೆ ಬಂದಲ್ಲಿ ಅದೂ ಅದೇ ಹೊತ್ತಿನಲ್ಲಿ ಕಡಿಮೆಯಾಗಿರುತ್ತದೆ. ಹೊದಿಕೆಯುಳ್ಳ ತೊಟ್ಟಿಯಲ್ಲಿ ಮಧ್ಯಾಹ್ನ ಕಾಯಿಸಿದ ನೀರು ಸಂಜೆಗೂ ಮರುದಿನ ಬೆಳಗ್ಗೆಗೂ ಒದಗುತ್ತದೆ. ಆದರೆ ಅಡಕೆ ಸಿಪ್ಪೆ, ತೆಂಗಿನ ಮೊಟ್ಟೆಗಳಿಂದ ಬಚ್ಚಲ ಹಂಡೆಯನ್ನು ಕಾಯಿಸಿಕೊಳ್ಳುವ ತೋಟದ ಮನೆಯವರೂ, ಬಿಸಿಲಿನಿಂದ ನೀರು ಕಾಯಿಸುವ ಸೋಲಾರ್ ಹೀಟರ್ ಉಳ್ಳವರೂ ಈ ಯಂತ್ರಕ್ಕಾಗಿ ಅವಸರಪಡಬೇಕಾದುದಿಲ್ಲ.

ಗ್ರಾಮದ ಮುಖ್ಯಸ್ಥರು ಒಂದು ಮಾತನ್ನು ಎಲ್ಲರಿಗೂ ತಿಳಿಸಬೇಕು. ನೀರಾವರಿ ಪಂಪ್‌ಸೆಟ್ಟಿಗೆಂದು ಪಡೆದ ಲೈನಿನಿಂದ ಮನೆಯ ಗೀಸರನ್ನಾಗಲಿ ಉಷ್ಣ ಪಂಪನ್ನಾಗಲಿ ನಡೆಸುವುದು ೨೦೦೩ರ ವಿದ್ಯುಚ್ಛಕ್ತಿ ಕಾಯ್ದೆಯ ೧೨೬ನೆಯ ಕಲಮಿನ ಮೇರೆಗೆ ಅನಧಿಕೃತ ಬಳಕೆಯೆನಿಸುತ್ತದೆ. ಅದಕ್ಕೆ ಸಲ್ಲುವ ದರದ ಎರಡರಷ್ಟನ್ನು ವಸೂಲುಮಾಡಲು ಅಧಿಕಾರವಿದೆ.

ಸಾರಾಂಶ

(೧) ಮೊದಲು ಬಳಕೆಯನ್ನು ಹೊತ್ತುಹೊತ್ತಿಗೆ ಬರೆದುಕೊಳ್ಳಿರಿ. ಆಮೇಲೆ ದರದ ಪಟ್ಟಿಯನ್ನು ನೋಡಿರಿ.
(೨) ಪ್ರತಿಯೊಂದು ದರವನ್ನೂ ಆ ಲೆಕ್ಕಕ್ಕೆ ಗುಣಿಸಿ, ನಿಶ್ಚಿತ ಶುಲ್ಕವನ್ನು ಕೂಡಿಸಿ, ಚಳಿಗಾಲ ಬೇಸಗೆಗಳೆರಡಕ್ಕೂ ಹೋಲಿಸಿರಿ.
(೩) ದರವನ್ನು ಕಾರ್ಯಗುಣಕದಿಂದ ಭಾಗಿಸಿ ಶಾಖದ ಬೆಲೆಯನ್ನು ತಿಳಿಯಿರಿ. ಅಗ್ಗದ ಹೊತ್ತೆಂದು ಕಾಯಿಲಿಗೆ ಮರುಳಾಗಬೇಡಿರಿ.
(೪) ನೀರಿನ ಉಷ್ಣತೆಯನ್ನು ತಗ್ಗಿಸಿ, ಯಂತ್ರವನ್ನು ನಿಧಾನವಾಗಿ, ಬಿಡದೆ ನಡೆಸಿರಿ.
(೫) ಅಭ್ಯಾಸವನ್ನು ಬದಲಿಸಲಾಗದ ಮನೆಗೆ ಏಕದರವೇ ಸುರಕ್ಷಿತವಾದುದು.

ಗೌಡರ ಅಳಿಯಂದಿರು ಈ ಲೆಕ್ಕವನ್ನು ನೋಡಿ, ಕೂಡಲೆ ದರವನ್ನು ಬದಲಿಸದೆ, ಎರಡು ವಾರ ಯಂತ್ರವನ್ನು ಹೊಸ ಕ್ರಮದಲ್ಲಿ ನಡೆಸಿ, ಮೀಟರಿನ ಅಂಕಿಗಳು ಒಪ್ಪಿದ ಮೇಲೆ ತ್ರಿದರವನ್ನು ಪಡೆದರು. ಇದೇ ಸರಿಯಾದ ಕ್ರಮವು. ಗೌಡರ ಮನೆಯವರು ಊರಿಗೆ ಹಿಂದಿರುಗಿದ ಮೇಲೆ ನಾನು ಪುನಃ ಆ ಕಡೆ ಹೋಗಿದ್ದಾಗ, ಬಿಲ್ಲಿನ ಮಾತನ್ನು ಗೌಡರು ಹೇಳಿದರು. ಆ ತಾಯಿಯವರು ಹೇಳಿದುದು, ಕೂಸು ರಾತ್ರಿ ಎದ್ದು ಅಳುವುದು ಕಡಿಮೆಯಾಯಿತೆಂಬ ಮಾತನ್ನು ಮಾತ್ರ.